ಹಳೇ ಹೋಮ್ ಥಿಯೇಟರ್, ಹೊಸ ಟಿವಿ: ಕಡಿಮೆ ಖರ್ಚಿನಲ್ಲಿ ಸೌಂಡ್ ಸರಿ ಮಾಡಿಕೊಳ್ಳುವುದು ಹೇಗೆ?

ಹೊಸ ಸ್ಮಾರ್ಟ್ ಟಿವಿ ತಂದ ಮನೆಗಳಲ್ಲಿ ಒಂದೇ ದೂರು. ಚಿತ್ರ ಚೆನ್ನಾಗಿದೆ, ಮಾತು ಮಾತ್ರ ಸ್ಪಷ್ಟವಾಗಿ ಕೇಳುವುದಿಲ್ಲ. ಮಾತು ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ, ಫೈಟ್ ಸೀನ್ ಬಂದ ಕೂಡಲೇ ಕಿವಿಗೆ ಬಡಿಯುತ್ತದೆ. ಇದಕ್ಕೆ ಕಾರಣ ಟಿವಿಯ ಆಕಾರ. ಬೆರಳುದ್ದ ದಪ್ಪದ ಪೆಟ್ಟಿಗೆಯೊಳಗೆ ದೊಡ್ಡ ಸ್ಪೀಕರ್ ಹಿಡಿಸುವುದಿಲ್ಲ. ಹಾಗಾಗಿ ಚಿಕ್ಕ ಸ್ಪೀಕರ್‌ಗಳನ್ನು ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಕೂರಿಸಿರುತ್ತಾರೆ. ಧ್ವನಿ ಗೋಡೆಗೆ ಬಡಿದು ಸುತ್ತಿಕೊಂಡು ನಮ್ಮ ಹತ್ತಿರ ಬರುತ್ತದೆ.

ಇಂಥ ಎಷ್ಟೋ ಮನೆಗಳಲ್ಲಿ ಹದಿನೈದು ವರ್ಷದ ಹಿಂದೆ ಕೊಂಡ ಡಿವಿಡಿ ಹೋಮ್ ಥಿಯೇಟರ್ ಅಟ್ಟದ ಮೇಲಿರುತ್ತದೆ. ಐದು ಚಿಕ್ಕ ಸ್ಪೀಕರ್, ಒಂದು ಸಬ್‌ವೂಫರ್, ನಡುವೆ ಒಂದು ಡಿವಿಡಿ ಪ್ಲೇಯರ್. ಕೆಳಗಿಳಿಸಿ ಜೋಡಿಸೋಣ ಅಂದರೆ ಹೊಸ ಟಿವಿಯ ಹಿಂದೆ ಕೆಂಪು-ಬಿಳಿ ಔಟ್‌ಪುಟ್ ತೂತುಗಳೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ ‘ಅದು ಹಳೇದು, ಸೌಂಡ್‌ಬಾರ್ ತಗೊಳ್ಳಿ’ ಅನ್ನುತ್ತಾರೆ. ಆದರೆ ಹಳೇ ಸೆಟ್‌ನ ಎಲ್ಲ ಭಾಗಗಳಿಗೂ ಒಂದೇ ವೇಗದಲ್ಲಿ ವಯಸ್ಸಾಗುವುದಿಲ್ಲ. ಯಾವುದಕ್ಕೆ ವಯಸ್ಸಾಗಿದೆ ಅಂತ ಗೊತ್ತಾದರೆ ಅಷ್ಟಕ್ಕೆ ಮಾತ್ರ ದುಡ್ಡು ಹಾಕಿದರೆ ಸಾಕು.

ಸೆಟ್‌ನೊಳಗೆ ನಡೆಯುವ ಮೂರು ಕೆಲಸ

5.1 ಅಂದರೆ ಐದು ಪೂರ್ಣ ಚಾನೆಲ್ ಮತ್ತು ಬರೀ ಗುಡುಗಿನಂಥ ಕೆಳಸ್ವರಕ್ಕೆ ಒಂದು ಚಾನೆಲ್. ಮುಂದೆ ಎಡ, ಬಲ, ನಡುವೆ ಸೆಂಟರ್. ಕೇಳುವವರ ಅಕ್ಕಪಕ್ಕ ಎರಡು ಸರೌಂಡ್. ‘.1’ ಅನ್ನುವುದು ಸಬ್‌ವೂಫರ್‌ನ ಪಾಲು. ಸಿನಿಮಾದಲ್ಲಿ ಪಾತ್ರಗಳ ಮಾತು ಬಹುಪಾಲು ಸೆಂಟರ್‌ನಿಂದ ಬರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸೆಟ್ ಮಾಡುವ ಮೊದಲ ಕೆಲಸ ಡಿಕೋಡಿಂಗ್. ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಒತ್ತಿ ಕಟ್ಟಿದ ಡಿಜಿಟಲ್ ಮಾಹಿತಿಯನ್ನು ಬಿಚ್ಚಿ ಆರು ಪಾಲು ಮಾಡುತ್ತದೆ. ಎರಡನೆಯದು ಆಂಪ್ಲಿಫೈಯರ್‌ನ ಕೆಲಸ, ಆ ಸಣ್ಣ ಸಂಕೇತಕ್ಕೆ ಬಲ ತುಂಬುವುದು. ಮೂರನೆಯದು ಸ್ಪೀಕರ್‌ನದು. ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಅಯಸ್ಕಾಂತದ ಪಕ್ಕ ಅದು ಅಲುಗುತ್ತದೆ, ಅದಕ್ಕೆ ಅಂಟಿದ ಕೋನ್ ಗಾಳಿಯನ್ನು ತಳ್ಳುತ್ತದೆ.

ಈ ಮೂರರಲ್ಲಿ ಸ್ಪೀಕರ್‌ನ ತತ್ವ ನೂರು ವರ್ಷದಿಂದ ಹೆಚ್ಚೇನೂ ಬದಲಾಗಿಲ್ಲ. ಆಂಪ್ಲಿಫೈಯರ್ ಕೂಡ ಕೆಟ್ಟುಹೋಗದಿದ್ದರೆ ಇವತ್ತಿಗೂ ಅದೇ ಕೆಲಸ ಮಾಡುತ್ತದೆ. ಬೇಗ ಹಳತಾಗುವುದು ಡಿಕೋಡರ್ ಮತ್ತು ಹಿಂಬದಿಯ ತೂತುಗಳು, ಅಂದರೆ ಹೊರಗಿನಿಂದ ಧ್ವನಿ ಒಳಗೆ ಬರುವ ದಾರಿ. ಡಾಲ್ಬಿ ಡಿಜಿಟಲ್ ಚಿತ್ರಮಂದಿರಗಳಿಗೆ ಬಂದದ್ದು 1992ರಲ್ಲಿ, ಡಿವಿಡಿಗಳಿಗೂ ಅದೇ ಬಳಕೆಯಾಯಿತು. ಈಗಿನ ಓಟಿಟಿ ಆ್ಯಪ್‌ಗಳು ಸಾಮಾನ್ಯವಾಗಿ ಕಳಿಸುವುದು ಅದರ ಮುಂದಿನ ತಲೆಮಾರಾದ ಡಾಲ್ಬಿ ಡಿಜಿಟಲ್ ಪ್ಲಸ್. ಹಳೇ ಡಿವಿಡಿ ಸೆಟ್‌ಗೆ ಅದು ಅರ್ಥವಾಗುವುದಿಲ್ಲ. ತೊಡಕಿನ ಮುಖ್ಯ ಗಂಟು ಇದೇ, ಇದನ್ನು ಬಿಚ್ಚುವುದು ಸುಲಭ.

ಏನನ್ನೂ ಕೊಳ್ಳುವ ಮುಂಚೆ ಒಂದು ತಪಾಸಣೆ

ಮೊದಲು ಸ್ಪೀಕರ್‌ಗಳ ಮುಂದಿನ ಬಟ್ಟೆಯ ಜಾಲರಿ ತೆಗೆದು ನೋಡಿ. ಕೋನ್‌ನ ಅಂಚಿನ ಸುತ್ತ ಒಂದು ಮೆತ್ತನೆಯ ಉಂಗುರ ಇರುತ್ತದೆ. ಕೋನ್ ಹಿಂದೆ ಮುಂದೆ ಓಡಾಡಲು ಅದು ಅವಕಾಶ ಕೊಡುತ್ತದೆ. ಉಂಗುರ ರಬ್ಬರಿನದಾದರೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಫೋಮ್‌ನದಾದರೆ ಬೆರಳಿನಿಂದ ಮೆಲ್ಲಗೆ ಮುಟ್ಟಿ. ಅಂಟಂಟಾಗಿ ಬೆರಳಿಗೆ ಮೆತ್ತಿಕೊಂಡರೆ ಅಥವಾ ಪುಡಿ ಉದುರಿದರೆ ಅದರ ಆಯಸ್ಸು ಮುಗಿದಿದೆ. ಗಾಳಿಯ ತೇವಕ್ಕೆ ಫೋಮ್ ನಿಧಾನವಾಗಿ ಕೊಳೆಯುತ್ತದೆ, ಆದ್ದರಿಂದ ಮಂಗಳೂರು, ಕಾರವಾರದ ಕಡೆ ಇದು ಬೇಗ ಹೋಗುತ್ತದೆ. ಸಬ್‌ವೂಫರ್ ಹಾಡುವಾಗ ಬರ್‌ಬರ್ ಅಂತ ಒಡಕು ಸದ್ದು ಬರುವುದಕ್ಕೆ ಬಹಳ ಸಲ ಇದೇ ಕಾರಣ.

ಇದಕ್ಕಾಗಿ ಸ್ಪೀಕರ್ ಎಸೆಯಬೇಕಾಗಿಲ್ಲ. ಅಳತೆಗೆ ತಕ್ಕ ಹೊಸ ಉಂಗುರ ಸಿಗುತ್ತದೆ. ಕೋನ್ ಕಟ್ಟುವ ಕುಶಲಕರ್ಮಿಗಳು ಇನ್ನೂ ಇದ್ದಾರೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ನೀವೇ ಮಾಡುವುದಾದರೆ ಹಳೇ ಅಂಟನ್ನು ಪೂರ್ತಿ ತೆಗೆಯಬೇಕು. ಹೊಸ ಉಂಗುರ ಅಂಟಿಸುವಾಗ ಕೋನ್ ಸರಿಯಾಗಿ ನಡುವೆ ಕೂರಬೇಕು. ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ ಒಳಗೆ ಒತ್ತಿ ಬಿಡಿ. ಸರಸರ ಅಂತ ಉಜ್ಜುವ ಸದ್ದು ಬಂದರೆ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ ಅಂತ ಅರ್ಥ. ಅಂಟು ಒಣಗುವ ಮುಂಚೆಯೇ ಅದನ್ನು ಸರಿಮಾಡಬೇಕು.

ಸ್ಪೀಕರ್ ಬದುಕಿದೆಯೇ ಅಂತ ನೋಡಲು ಒಂದು ಸಾಮಾನ್ಯ ಪೆನ್ಸಿಲ್ ಸೆಲ್ ಸಾಕು. ಸ್ಪೀಕರ್ ತಂತಿಯನ್ನು ಆಂಪ್ಲಿಫೈಯರ್‌ನಿಂದ ಬಿಡಿಸಿ, ಅದರ ಎರಡು ತುದಿಗಳನ್ನು 1.5 ವೋಲ್ಟ್ ಸೆಲ್‌ಗೆ ಒಂದು ಕ್ಷಣ ತಾಗಿಸಿ. ಟಕ್ ಅಂತ ಸದ್ದಾದರೆ ಸುರುಳಿ ಸರಿಯಿದೆ. ಕೆಂಪು ತುದಿ ಸೆಲ್‌ನ ಪ್ಲಸ್‌ಗೆ ತಾಗಿದಾಗ ಕೋನ್ ಮುಂದಕ್ಕೆ ಬರಬೇಕು. ಇದರಿಂದ ಯಾವುದು ಪ್ಲಸ್ ತುದಿ ಅನ್ನುವುದೂ ತಿಳಿಯಿತು, ಬಣ್ಣ ಮಾಸಿದ ಹಳೇ ತಂತಿಗಳಿಗೆ ಈ ಉಪಾಯ ತುಂಬ ಉಪಯೋಗಕ್ಕೆ ಬರುತ್ತದೆ.

ಇನ್ನು ಆಂಪ್ಲಿಫೈಯರ್. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಧೂಳು ಕೂತಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸ್ವಲ್ಪ ಹೊಡೆದು, ಪವರ್ ಆಫ್ ಇರುವಾಗಲೇ ಹಲವು ಸಲ ತಿರುಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಸದಾ ಒಂದೇ ಸಮ ‘ಹೂಂ’ ಅಂತ ಗುಂಯ್‌ಗುಡುತ್ತಿದ್ದರೆ ಎಲ್ಲ ಇನ್‌ಪುಟ್ ತಂತಿಗಳನ್ನು ಕಿತ್ತು ನೋಡಿ. ಆಗ ಸದ್ದು ನಿಂತರೆ ತಪ್ಪು ಹೊರಗಿದೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಕೇಬಲ್ ತಂತಿ ಇವುಗಳ ಅರ್ತ್ ಬೇರೆ ಬೇರೆ ದಾರಿ ಹಿಡಿದಾಗ ಹೀಗಾಗುತ್ತದೆ. ಅದನ್ನು ನಿಲ್ಲಿಸಲು ಪ್ಲಗ್‌ನ ಅರ್ತ್ ಪಿನ್ ಮುರಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಶಾಕ್‌ನಿಂದ ಕಾಪಾಡುವುದೇ ಆ ಪಿನ್. ತಂತಿ ಕಿತ್ತರೂ ಗುಂಯ್ ಅನ್ನುತ್ತಿದ್ದರೆ ಪವರ್ ಸಪ್ಲೈನ ಕೆಪಾಸಿಟರ್‌ಗಳು ಒಣಗಿರಬಹುದು. ತಲೆ ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ. ಬಿಡಿಭಾಗ ಅಗ್ಗ, ಆದರೆ ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಸೋಲ್ಡರಿಂಗ್ ಗೊತ್ತಿಲ್ಲದವರು ಡಬ್ಬಿಯ ಮುಚ್ಚಳ ತೆಗೆಯದೆ ಮೆಕ್ಯಾನಿಕ್ ಹತ್ತಿರ ಒಯ್ಯುವುದೇ ಸರಿ.

ಟಿವಿಯಿಂದ ಧ್ವನಿ ತರುವುದು ಹೇಗೆ?

ಹೆಚ್ಚಿನವರು ಸೋಲುವುದು ಇಲ್ಲಿ. ನಿಮ್ಮ ಟಿವಿಯ ಹಿಂದೆ ಮತ್ತು ಹೋಮ್ ಥಿಯೇಟರ್‌ನ ಹಿಂದೆ ಯಾವ ಯಾವ ತೂತುಗಳಿವೆ ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡು ಮುಂದೆ ಓದಿ.

ಚೌಕಾಕಾರದ ಪುಟ್ಟ ತೂತು ಎರಡೂ ಕಡೆ ಇದ್ದರೆ ನೀವು ಅದೃಷ್ಟವಂತರು, ಟಿವಿಯ ಕಡೆಯದು ಒಳಗೆ ಕೆಂಪಗೆ ಬೆಳಗುತ್ತದೆ. ಅದು ಆಪ್ಟಿಕಲ್. ತೋಷಿಬಾ ಕಂಪನಿ 1983ರಲ್ಲಿ ರೂಪಿಸಿದ ಈ ವ್ಯವಸ್ಥೆ ಧ್ವನಿಯನ್ನು ಬೆಳಕಿನ ರೂಪದಲ್ಲಿ ಕಳಿಸುತ್ತದೆ. ತಂತಿಯಲ್ಲಿ ವಿದ್ಯುತ್ತೇ ಹರಿಯುವುದಿಲ್ಲವಾದ್ದರಿಂದ ಟಿವಿ ಮತ್ತು ಸೆಟ್ ನಡುವಿನ ಅರ್ತ್ ಗುಂಯ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಆಪ್ಟಿಕಲ್ ತಂತಿ ಎರಡು ಚಾನೆಲ್‌ನ ಸ್ಟೀರಿಯೋವನ್ನಾಗಲಿ, ಒತ್ತಿ ಕಟ್ಟಿದ ಡಾಲ್ಬಿ ಡಿಜಿಟಲ್ 5.1 ಅನ್ನಾಗಲಿ ಒಯ್ಯಬಲ್ಲದು.

ಆದರೆ ತಂತಿ ಹಾಕಿದ ಮಾತ್ರಕ್ಕೆ 5.1 ಬರುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ‘ಡಿಜಿಟಲ್ ಔಟ್‌ಪುಟ್’ ಅಂತ ಒಂದು ಆಯ್ಕೆ ಇರುತ್ತದೆ. ಎಷ್ಟೋ ಟಿವಿಗಳಲ್ಲಿ ಅದು ‘ಪಿಸಿಎಂ’ ಮೇಲೆ ನಿಂತಿರುತ್ತದೆ. ಪಿಸಿಎಂ ಅಂದರೆ ಬಿಚ್ಚಿದ ಧ್ವನಿ. ಆಪ್ಟಿಕಲ್‌ನಲ್ಲಿ ಅದು ಎರಡೇ ಚಾನೆಲ್. ಸೆಟ್ಟಿಂಗನ್ನು ‘ಡಾಲ್ಬಿ ಡಿಜಿಟಲ್’ಗೆ ಬದಲಿಸಿ, ಆ ಹೆಸರಿನ ಆಯ್ಕೆ ಇಲ್ಲದಿದ್ದರೆ ‘ಆಟೋ’ ಇಟ್ಟು ನೋಡಿ. ಆಗ ಅನೇಕ ಟಿವಿಗಳು ಓಟಿಟಿಯಿಂದ ಬಂದ ಡಾಲ್ಬಿ ಡಿಜಿಟಲ್ ಪ್ಲಸ್ಸನ್ನು ತಾವೇ ಹಳೇ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿ ಕಳಿಸುತ್ತವೆ. ಹಳೇ ಸೆಟ್‌ನ ಪರದೆಯಲ್ಲಿ ಡಾಲ್ಬಿಯ ಗುರುತು ಹೊತ್ತಿಕೊಂಡರೆ ಕೆಲಸ ಆಯಿತು. ಈ ಒಂದು ಸೆಟ್ಟಿಂಗ್ ಬದಲಿಸದೆ ‘ಹಿಂದಿನ ಸ್ಪೀಕರ್ ಹಾಡ್ತಾ ಇಲ್ಲ’ ಅಂತ ಸೆಟ್ ಮಾರಿದವರೂ ಇದ್ದಾರೆ.

ಎರಡನೇ ದಾರಿ ಎಚ್‌ಡಿಎಂಐ. ಎಚ್‌ಡಿಎಂಐ ತೂತು ಇದ್ದ ಮಾತ್ರಕ್ಕೆ ಟಿವಿಯ ಧ್ವನಿ ಸೆಟ್‌ಗೆ ಬರುವುದಿಲ್ಲ. ಹಳೇ ಡಿವಿಡಿ ಸೆಟ್‌ಗಳಲ್ಲಿ ಇದು ಸಾಮಾನ್ಯವಾಗಿ ಬರೀ ಔಟ್‌ಪುಟ್, ಚಿತ್ರವನ್ನು ಟಿವಿಗೆ ಕಳಿಸಲು ಮಾತ್ರ. ಟಿವಿಯಿಂದ ಧ್ವನಿ ಅದೇ ತಂತಿಯಲ್ಲಿ ಹಿಂದಕ್ಕೆ ಬರುವ ಸೌಲಭ್ಯಕ್ಕೆ ಆಡಿಯೋ ರಿಟರ್ನ್ ಚಾನೆಲ್, ಚಿಕ್ಕದಾಗಿ ಎಆರ್‌ಸಿ ಅನ್ನುತ್ತಾರೆ. ಅದು ಬಂದದ್ದು 2009ರ ಎಚ್‌ಡಿಎಂಐ 1.4 ಜೊತೆ. ಎರಡೂ ಕಡೆಯ ತೂತಿನ ಪಕ್ಕ ಎಆರ್‌ಸಿ ಅಂತ ಬರೆದಿದ್ದರೆ ಮಾತ್ರ ಈ ದಾರಿ ತೆರೆದಿದೆ.

ಹಳೇ ರಿಸೀವರ್‌ಗೆ, ಅಂದರೆ ಡಿಕೋಡರ್ ಮತ್ತು ಆಂಪ್ಲಿಫೈಯರ್ ಒಟ್ಟಿಗಿರುವ ಪೆಟ್ಟಿಗೆಗೆ, ಎಚ್‌ಡಿಎಂಐ ಇನ್‌ಪುಟ್ ಇದ್ದವರು ಇನ್ನೊಂದು ವಿಷಯ ಗಮನಿಸಿ. ಹೊಸ 4ಕೆ ಸ್ಟಿಕ್ ಅಥವಾ ಬಾಕ್ಸನ್ನು ಅದರ ಮೂಲಕ ಟಿವಿಗೆ ಹಾಯಿಸಿದರೆ 4ಕೆ ಚಿತ್ರ ಬಾರದೇ ಹೋಗಬಹುದು. ನಕಲು ತಡೆಯುವ ಹೊಸ ಬೀಗವನ್ನು ಹಳೇ ರಿಸೀವರ್ ತೆರೆಯಲಾರದು. ಬಾಕ್ಸನ್ನು ನೇರ ಟಿವಿಗೆ ಹಾಕಿ, ಟಿವಿಯಿಂದ ಧ್ವನಿ ಮಾತ್ರ ಆಪ್ಟಿಕಲ್‌ನಲ್ಲಿ ತನ್ನಿ. ಚಿತ್ರ ಹೊಸ ದಾರಿಯಲ್ಲಿ, ಧ್ವನಿ ಹಳೇ ದಾರಿಯಲ್ಲಿ ಹೋಗಲಿ.

ಸೆಟ್‌ನ ಹಿಂದೆ ಕೆಂಪು-ಬಿಳಿ ಆಕ್ಸ್ ತೂತು ಮಾತ್ರ ಇದ್ದರೆ? ಟಿವಿಯಲ್ಲಿ ಹೆಡ್‌ಫೋನ್ ಜಾಕ್ ಇದ್ದಲ್ಲಿ ಅದರಿಂದ ಕೆಂಪು-ಬಿಳಿಗೆ ಹೋಗುವ ಒಂದು ತಂತಿ ಸಾಕು. ಅದೂ ಇಲ್ಲದಿದ್ದರೆ ಆಪ್ಟಿಕಲ್‌ನಿಂದ ಆರ್‌ಸಿಎಗೆ, ಅಂದರೆ ಕೆಂಪು-ಬಿಳಿಗೆ, ಬದಲಿಸುವ ಪುಟ್ಟ ಪೆಟ್ಟಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಇದನ್ನು ಡಿಎಸಿ ಅನ್ನುತ್ತಾರೆ. ಇಲ್ಲಿ ಸೆಟ್ಟಿಂಗ್ ಉಲ್ಟಾ, ಟಿವಿಯನ್ನು ಪಿಸಿಎಂ ಮೇಲೆಯೇ ಇಡಬೇಕು. ಅಗ್ಗದ ಡಿಎಸಿಗೆ ಡಾಲ್ಬಿ ಬಿಚ್ಚಲು ಬರುವುದಿಲ್ಲ, ಕಳಿಸಿದರೆ ಮೌನವೋ ಗರಗರ ಸದ್ದೋ ಬರುತ್ತದೆ. ಈ ದಾರಿಯಲ್ಲಿ ಬರುವುದು ಸ್ಟೀರಿಯೋ ಮಾತ್ರ. ಆದರೂ ಬೇಸರ ಬೇಡ. ಎರಡು ಚಾನೆಲ್ಲನ್ನು ಐದಕ್ಕೆ ಹರಡುವ ಡಾಲ್ಬಿ ಪ್ರೊ ಲಾಜಿಕ್ 2 ಅನ್ನುವ ವಿದ್ಯೆ 2000ದಿಂದಲೇ ಇದೆ, ಆ ಕಾಲದ ಅನೇಕ ಸೆಟ್‌ಗಳ ರಿಮೋಟ್‌ನಲ್ಲಿ ಅದಕ್ಕೊಂದು ಬಟನ್ ಇರುತ್ತದೆ. ಮಾತನ್ನು ಸೆಂಟರ್‌ಗೆ ತರುವ ಕೆಲಸವನ್ನು ಅದು ಸಾಕಷ್ಟು ಚೆನ್ನಾಗಿ ಮಾಡುತ್ತದೆ.

ಕಂಪ್ಯೂಟರ್‌ಗಾಗಿ ಕೊಂಡ 5.1 ಸ್ಪೀಕರ್ ಸೆಟ್ ಇದ್ದವರಿಗೆ, ಅಂದರೆ ಆರು ಚಾನೆಲ್‌ಗೂ ಬೇರೆ ಬೇರೆ ಇನ್‌ಪುಟ್ ಇರುವವರಿಗೆ, ಆಪ್ಟಿಕಲ್ ತೆಗೆದುಕೊಂಡು ಆರು ಪಾಲು ಮಾಡುವ ಡಿಕೋಡರ್ ಪೆಟ್ಟಿಗೆಗಳೂ ಸಿಗುತ್ತವೆ.

ಬ್ಲೂಟೂತ್ ಬಗ್ಗೆ ಬಹಳ ಜನ ಕೇಳುತ್ತಾರೆ. ಹಾಡು ಕೇಳಲು ಪರವಾಗಿಲ್ಲ. ಸಿನಿಮಾಕ್ಕೆ ಬೇಡ. ಬ್ಲೂಟೂತ್‌ನಲ್ಲಿ ಧ್ವನಿ ಸ್ವಲ್ಪ ತಡವಾಗಿ ಬರುತ್ತದೆ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಟಿವಿಯ ಆಡಿಯೋ ಡಿಲೇ ಸೆಟ್ಟಿಂಗ್ ಧ್ವನಿಯನ್ನು ಇನ್ನಷ್ಟು ತಡ ಮಾಡುತ್ತದೆಯೇ ಹೊರತು ಮುಂದಕ್ಕೆ ತರಲಾರದು.

ತಲೆಯ ಮೇಲಿನಿಂದಲೂ ಧ್ವನಿ ಕೇಳಿಸುವ ಡಾಲ್ಬಿಯ ಹೊಸ ವಿಧಾನ ಅಟ್ಮಾಸ್. ಹಾಗಂತ ಬರೆದ ಸಿನಿಮಾ ಹಳೇ ಸೆಟ್‌ನಲ್ಲಿ ಹಾಡುತ್ತದಾ? ಹಾಡುತ್ತದೆ. ಓಟಿಟಿಯ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ಮೇಲೆಯೇ ಕೂತಿರುತ್ತದೆ, ಮೇಲಿನಿಂದ ಬರುವ ಧ್ವನಿಯ ಮಾಹಿತಿ ಬಿಟ್ಟುಹೋಗಿ ಉಳಿದದ್ದು 5.1 ಆಗಿ ಕೇಳುತ್ತದೆ.

ತಂತಿ, ಪ್ಲಸ್, ಮೈನಸ್

ಹಳೇ ಸೆಟ್‌ನ ಕೂದಲೆಳೆಯಂಥ ತಂತಿಗಳ ತುದಿ ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ ಹೊಳೆಯುವ ತಾಮ್ರ ಕಾಣುವವರೆಗೆ ಸುಲಿಯಿರಿ. ಬದಲಿಸುವುದಾದರೆ ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರಿನ, ಮೆತ್ತಗೆ ಬಾಗುವ ತಾಮ್ರದ ತಂತಿ ಸಾಕು. ಸಾಮಾನ್ಯ ಹಾಲ್‌ಗೆ ಅದಕ್ಕಿಂತ ದುಬಾರಿ ‘ಆಡಿಯೋಫೈಲ್’ ತಂತಿ ಬೇಕಿಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಇರುವ ಅಗ್ಗದ ತಂತಿ ಮಾತ್ರ ಬೇಡ.

ತಂತಿಗಿಂತ ಮುಖ್ಯವಾದದ್ದು ಪ್ಲಸ್-ಮೈನಸ್. ಎಡ ಸ್ಪೀಕರ್ ಸರಿಯಾಗಿ, ಬಲ ಸ್ಪೀಕರ್ ಉಲ್ಟಾ ಜೋಡಿಸಿದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಜೋಕಾಲಿಯನ್ನು ಒಬ್ಬರು ತಳ್ಳುವಾಗ ಎದುರಿನವರೂ ಅದೇ ಕ್ಷಣ ತಳ್ಳಿದ ಹಾಗೆ, ಇಬ್ಬರ ಬಲವೂ ವ್ಯರ್ಥ. ಕೆಳಸ್ವರ ಮಾಯವಾಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಎಲ್ಲೆಲ್ಲಿಂದಲೋ ಬಂದಂತೆ ಕೇಳುತ್ತದೆ. ಸೆಟ್ ‘ಸಪ್ಪೆ’ ಆಗಿದೆ ಅನ್ನಿಸಿದರೆ ಮೊದಲು ಇದನ್ನೇ ನೋಡಿ.

ಎಲ್ಲಿ ಇಡಬೇಕು, ಕೋಣೆ ಹೇಗಿರಬೇಕು

ಇದಕ್ಕೆ ದುಡ್ಡೇ ಬೇಡ, ಆದರೆ ಫಲ ಎಲ್ಲಕ್ಕಿಂತ ಜಾಸ್ತಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಕೂತವರ ನೇರ ಮುಂದೆ ಸೆಂಟರ್, ಅದರಿಂದ ಎಡಕ್ಕೆ ಬಲಕ್ಕೆ 30 ಡಿಗ್ರಿಯಲ್ಲಿ ಮುಂದಿನ ಎರಡು, 100ರಿಂದ 120 ಡಿಗ್ರಿಯಲ್ಲಿ ಸರೌಂಡ್‌ಗಳು ಇರಬೇಕು. ಅಂದರೆ ಸರೌಂಡ್ ಇರಬೇಕಾದದ್ದು ಕಿವಿಯ ಪಕ್ಕಕ್ಕಿಂತ ತುಸು ಹಿಂದೆ. ನಮ್ಮಲ್ಲಿ ಸೋಫಾ ಹೆಚ್ಚಾಗಿ ಹಿಂದಿನ ಗೋಡೆಗೆ ಒತ್ತಿಕೊಂಡಿರುತ್ತದೆ. ಹಾಗಿದ್ದರೆ ಅವನ್ನು ಪಕ್ಕದ ಗೋಡೆಗಳಲ್ಲಿ, ಕೂತವರ ಕಿವಿಗಿಂತ ಸ್ವಲ್ಪ ಮೇಲೆ ಹಾಕಿ. ಸುಮ್ನೆ ನಾಲ್ಕನ್ನೂ ಸೀಲಿಂಗ್ ಮೂಲೆಗಳಿಗೆ ಏರಿಸಿಟ್ಟರೆ ಮಾತು ಒಂದು ಕಡೆ, ಚಿತ್ರ ಒಂದು ಕಡೆ ಆಗುತ್ತದೆ.

ಸೆಂಟರ್ ಸ್ಪೀಕರನ್ನು ಶೋಕೇಸಿನ ಗೂಡಿನೊಳಗೆ ತೂರಿಸಬೇಡಿ, ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಟಿವಿಯ ಕೆಳಗೆ, ಹಲಗೆಯ ಮುಂದಿನ ಅಂಚಿಗೆ ತಂದು, ಕೆಳಗೆ ಚಿಕ್ಕ ರಬ್ಬರ್ ತುಂಡಿಟ್ಟು ಮುಖವನ್ನು ಕೂತವರ ಕಡೆ ಎತ್ತಿ. ಸೆಟ್‌ನ ಮೆನುವಿನಲ್ಲಿ ಸೆಂಟರ್ ಮಟ್ಟವನ್ನು 2 ಅಥವಾ 3 ಡೆಸಿಬೆಲ್ ಏರಿಸಿ. ಮಾತು ಕೇಳಿಸದ ಸಮಸ್ಯೆ ಬಹುಪಾಲು ಇಲ್ಲಿಗೇ ಮುಗಿಯುತ್ತದೆ. ರಾತ್ರಿ ನೋಡುವವರಿಗೆ ‘ನೈಟ್ ಮೋಡ್’ ಇದ್ದರೆ ಹಾಕಿ, ಜೋರು ಸದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ.

ಅದೇ ಮೆನುವಿನಲ್ಲಿ ಪ್ರತಿ ಸ್ಪೀಕರ್ ಎಷ್ಟು ದೂರದಲ್ಲಿದೆ ಅಂತ ತುಂಬುವ ಜಾಗ ಇರುತ್ತದೆ. ಟೇಪು ಹಿಡಿದು ಅಳೆದು ತುಂಬಿ. ಧ್ವನಿ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರನ್ನು ಅಷ್ಟು ತಡೆದು ನಿಲ್ಲಿಸಿ, ಎಲ್ಲ ಧ್ವನಿಯೂ ಒಟ್ಟಿಗೆ ಕಿವಿ ತಲುಪುವಂತೆ ಸೆಟ್ ನೋಡಿಕೊಳ್ಳುತ್ತದೆ.

ಸಬ್‌ವೂಫರ್‌ಗೆ ಒಂದು ಚೆಂದದ ಉಪಾಯ ಇದೆ. ಅದನ್ನು ನೀವು ಕೂರುವ ಸೋಫಾದ ಮೇಲೆಯೇ ಇಟ್ಟು, ಕೆಳಸ್ವರ ಚೆನ್ನಾಗಿರುವ ಹಾಡು ಹಾಕಿ. ನೀವು ನೆಲದ ಮೇಲೆ ಬಗ್ಗಿ ಕೋಣೆಯ ಗೋಡೆಗುಂಟ ಸುತ್ತಿ. ಕೆಲವು ಕಡೆ ಬರೀ ಗುಂಯ್, ಕೆಲವು ಕಡೆ ಏನೂ ಇಲ್ಲ, ಎಲ್ಲೋ ಒಂದು ಕಡೆ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಸಬ್‌ವೂಫರ್ ಇಡಬೇಕಾದ ಜಾಗ ಅದು. 80 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ನಾಲ್ಕು ಮೀಟರಿಗಿಂತ ಹೆಚ್ಚು, ಅದು ಗೋಡೆಗಳ ನಡುವೆ ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕಳೆಯುತ್ತದೆ. ಸ್ಪೀಕರ್ ಮತ್ತು ಕಿವಿಯ ಜಾಗ ಅದಲುಬದಲಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟ್ರಿಂಗ್’ ಅಂತ ಉಳಿದುಕೊಂಡರೆ ಮಾತಿನ ಅಕ್ಷರಗಳೂ ಹಾಗೆಯೇ ಒಂದರ ಮೇಲೊಂದು ಬೀಳುತ್ತವೆ. ಟೈಲ್ಸ್ ನೆಲ, ಆರ್‌ಸಿಸಿ ಚಾವಣಿ, ಬೋಳು ಗೋಡೆ ಇರುವ ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಟಿವಿ ಮತ್ತು ಸೋಫಾ ನಡುವೆ ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು ಇದ್ದರೆ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ಕೊಳ್ಳಲೇಬೇಕಾದರೆ ಏನನ್ನು?

ಡಿವಿಡಿ ಪ್ಲೇಯರ್ ಇರುವ ಮುಖ್ಯ ಪೆಟ್ಟಿಗೆಯೇ ಸತ್ತಿದ್ದರೆ ಸ್ಪೀಕರ್‌ಗಳಿಗೆ ಬೇರೆ ಆಂಪ್ಲಿಫೈಯರ್ ಬೇಕು. ಇಂಥ ಸೆಟ್‌ಗಳ ಸಬ್‌ವೂಫರ್‌ನಲ್ಲಿ ಸಾಮಾನ್ಯವಾಗಿ ತನ್ನದೇ ಆಂಪ್ ಇರುವುದಿಲ್ಲ, ಅದೂ ಮುಖ್ಯ ಪೆಟ್ಟಿಗೆಯನ್ನೇ ನಂಬಿಕೊಂಡಿರುತ್ತದೆ. ಟಿಪಿಎ3116 ಚಿಪ್ ಇರುವ 2.1 ಬೋರ್ಡ್ ಅಥವಾ ಪುಟ್ಟ ಆಂಪ್‌ಗೆ ಮುಂದಿನ ಎರಡು ಸ್ಪೀಕರ್ ಮತ್ತು ಸಬ್‌ವೂಫರ್ ಜೋಡಿಸಿದರೆ ಐದರ ಆಸೆ ಬಿಟ್ಟರೂ ಟಿವಿಯ ಸ್ಪೀಕರ್‌ಗಿಂತ ಎಷ್ಟೋ ಮೇಲು. ಆದರೆ ಸ್ಪೀಕರ್ ಹಿಂದೆ ಬರೆದ ಓಮ್ ಸಂಖ್ಯೆ ನೋಡಿ. ಓಮ್ ಅಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ. ಅದು ಆಂಪ್‌ನ ಕನಿಷ್ಠಕ್ಕಿಂತ ಕಡಿಮೆಯಿದ್ದರೆ ಆಂಪ್ ಬಿಸಿಯಾಗಿ ಸಾಯುತ್ತದೆ. ಹಳೇ ಡಿವಿಡಿ ಸೆಟ್‌ಗಳಲ್ಲಿ 3 ಓಮ್‌ನ ಸ್ಪೀಕರ್‌ಗಳೂ ಇದ್ದವು, ಅನೇಕ ಆಂಪ್‌ಗಳಿಗೆ ಅದು ಹೊರೆ.

ವ್ಯಾಟ್‌ಗಳ ಹಿಂದೆ ಬೀಳಬೇಡಿ. ಪಿಎಂಪಿಓ ಅಂತ ಸಾವಿರಾರು ವ್ಯಾಟ್ ಬರೆದಿದ್ದರೆ ಆ ಸಂಖ್ಯೆಗೆ ಬೆಲೆ ಕೊಡಬೇಡಿ, ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ಆರ್‌ಎಂಎಸ್ ಸಂಖ್ಯೆ, ಅಂದರೆ ಆಂಪ್ ಸತತವಾಗಿ ಕೊಡಬಲ್ಲ ವ್ಯಾಟ್, ಮಾತ್ರ ನೋಡಿ. 50 ವ್ಯಾಟ್ ಹೋಗಿ 100 ಆದರೆ ಹೆಚ್ಚುವುದು 3 ಡೆಸಿಬೆಲ್, ಕಿವಿಗೆ ಸ್ವಲ್ಪ ಗೊತ್ತಾಗುವಷ್ಟು. ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಕೈಯಲ್ಲಿ ಇನ್ನೂ ಕೆಲವು ಸಾವಿರ ಇದ್ದರೆ ನನ್ನ ಆಯ್ಕೆ ಬಳಸಿದ ರಿಸೀವರ್. ಆಪ್ಟಿಕಲ್ ಇನ್‌ಪುಟ್ ಇರುವ, ಡೆನನ್, ಯಮಹಾ, ಒಂಕ್ಯೊದಂಥ ಹಳೇ ರಿಸೀವರ್‌ಗಳನ್ನು 4ಕೆ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಜನ ಮಾರುತ್ತಾರೆ. ನಮಗೆ ಬೇಕಾದದ್ದು ಧ್ವನಿ ಮಾತ್ರ ಅಲ್ವಾ? ಕೊಳ್ಳುವಾಗ ನಿಮ್ಮದೇ ಸ್ಪೀಕರ್ ಒಯ್ದು ಪ್ರತಿ ಚಾನೆಲ್ಲನ್ನೂ ಬೇರೆ ಬೇರೆಯಾಗಿ ಕೇಳಿ. ಅರ್ಧ ಗಂಟೆ ಓಡಿಸಿ ನೋಡಿ. ಬಿಸಿಯಾದ ಮೇಲೆ ಒಂದು ಚಾನೆಲ್ ಬಿಟ್ಟು ಬಿಟ್ಟು ಹಾಡಿದರೆ ಒಳಗಿನ ರಿಲೇ ಅಥವಾ ಸೋಲ್ಡರ್ ದಣಿದಿದೆ, ಬೆಲೆ ಇಳಿಸಿ ಕೇಳಿ ಅಥವಾ ಬಿಟ್ಟುಬಿಡಿ.

ಯಾವಾಗ ಕೈಬಿಡಬೇಕು?

ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದರೆ, ಮುಖ್ಯ ಐಸಿ ಪೇಟೆಯಲ್ಲಿ ಸಿಗದಿದ್ದರೆ, ರಿಪೇರಿಯ ಖರ್ಚು ಬಳಸಿದ ರಿಸೀವರ್‌ನ ಬೆಲೆಗೆ ಬಂದರೆ ಆ ಪೆಟ್ಟಿಗೆಯನ್ನು ಬಿಡುವುದೇ ಸರಿ. ಸ್ಪೀಕರ್‌ಗಳನ್ನು ಮಾತ್ರ ಇಟ್ಟುಕೊಳ್ಳಿ. ಅವುಗಳ ತಂತಿಯ ತುದಿಯಲ್ಲಿ ಕಂಪನಿಯದೇ ವಿಶೇಷ ಪ್ಲಗ್ ಇದ್ದರೆ ಅದನ್ನು ಕತ್ತರಿಸಿ, ತಾಮ್ರ ಸುಲಿದು, ಓಮ್ ಹೊಂದುವ ಯಾವ ಆಂಪ್‌ಗೆ ಬೇಕಾದರೂ ಜೋಡಿಸಬಹುದು. ಸತ್ತ ಪೆಟ್ಟಿಗೆಯನ್ನು ಕಸದ ಗಾಡಿಗೆ ಹಾಕಬೇಡಿ, ಒಳಗಿನ ಸೋಲ್ಡರ್‌ನಲ್ಲಿ ಸೀಸ ಇರಬಹುದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ನಿಮ್ಮ ಊರಿನ ಇ-ತ್ಯಾಜ್ಯ ಸಂಗ್ರಹ ಕೇಂದ್ರ ಎಲ್ಲಿದೆ ಅಂತ ನಗರಸಭೆಯಲ್ಲಿ ವಿಚಾರಿಸಿ ಅಲ್ಲಿಗೆ ಒಪ್ಪಿಸಿ.